ಹಾಡಿನ ಒಡೆತನ: ಆನಿ ಡಿಫ್ರಾಂಕೊ ನಡೆದ ದಾರಿ

ಪದವನ್ನು ತಾನೇ ಕಟ್ಟಿ, ಅದಕ್ಕೆ ಮಟ್ಟನ್ನೂ ತಾನೇ ಹಾಕಿ ಹಾಡುವವರನ್ನು ಭಾರತೀಯ ಸಂಗೀತಶಾಸ್ತ್ರವು ವಾಗ್ಗೇಯಕಾರರೆಂದು ಕರೆಯುತ್ತದೆ. ಮಾತು ಮತ್ತು ಧಾತು, ಅಂದರೆ ಸಾಹಿತ್ಯ ಮತ್ತು ಸಂಗೀತ, ಎರಡೂ ಒಂದೇ ಮನಸ್ಸಿನಲ್ಲಿ ಹುಟ್ಟಬೇಕೆಂಬ ನಿರೀಕ್ಷೆ ಆ ಪದದಲ್ಲಿದೆ. ಹರಿದಾಸರ ಪದಗಳು ಬಾಯಿಂದ ಬಾಯಿಗೆ ದಾಟುತ್ತ ಶತಮಾನಗಳನ್ನು ಕಳೆದರೂ ಕೊನೆಯ ಸಾಲಿನ ಅಂಕಿತವು ಹಾಡು ಯಾರದೆಂಬುದನ್ನು ಹೇಳುತ್ತಲೇ ಬಂದಿತು, ಅದಕ್ಕಿಂತ ಹೆಚ್ಚಿನ ಒಡೆತನದ ಪ್ರಶ್ನೆ ಅಲ್ಲಿ ಏಳಲೂ ಇಲ್ಲ. ಆದರೆ ಹಾಡು ತಟ್ಟೆಯಾಗಿ, ಕ್ಯಾಸೆಟ್ಟಾಗಿ, ಸೀಡಿಯಾಗಿ ಅಂಗಡಿಗೆ ಬಂದ ಕಾಲದಲ್ಲಿ ಒಂದೇ ಹಾಡಿಗೆ ಎರಡು ಬಗೆಯ ಒಡೆತನಗಳು ಹುಟ್ಟಿಕೊಂಡವು: ಸಾಹಿತ್ಯ ಮತ್ತು ರಾಗಸಂಯೋಜನೆಯ ಮೇಲಿನ ಹಕ್ಕು ಒಂದಾದರೆ, ಹಾಡಿದ್ದನ್ನು ಹಿಡಿದಿಟ್ಟ ಮುದ್ರಿಕೆಯ ಮೇಲಿನ ಹಕ್ಕು ಇನ್ನೊಂದು. ಎಲ್ಲ ಪ್ರತಿಗಳಿಗೂ ಮೂಲವಾದ ಆ ಮುದ್ರಿಕೆಯನ್ನು ಉದ್ಯಮದಲ್ಲಿ ‘ಮಾಸ್ಟರ್’ ಎನ್ನುತ್ತಾರೆ. ಅಮೆರಿಕದ ಬಫಲೊ ನಗರದಲ್ಲಿ ಹುಟ್ಟಿದ ಆನಿ ಡಿಫ್ರಾಂಕೊ ಎಂಬ ಗಾಯಕಿಯ ಮೂರು ದಶಕಗಳಿಗೂ ಮೀರಿದ ವೃತ್ತಿಜೀವನವನ್ನು ಅರ್ಥಮಾಡಿಕೊಳ್ಳಲು ಈ ಎರಡನೆಯ ಒಡೆತನದಿಂದಲೇ ಹೊರಡಬೇಕು.

ರಾಕ್ ಸಂಗೀತದ ಬಹುಪಾಲು ಕಲಾವಿದರು ಆ ಹಕ್ಕನ್ನು ಮೊದಲ ದಿನವೇ ಬಿಟ್ಟುಕೊಟ್ಟವರು. ದೊಡ್ಡ ರೆಕಾರ್ಡ್ ಕಂಪನಿಯೊಂದು ಹೊಸ ಗಾಯಕರೊಡನೆ ಮಾಡಿಕೊಳ್ಳುವ ಒಪ್ಪಂದದ ಪ್ರಕಾರ ಕಂಪನಿಯು ಮುಂಗಡ ಕೊಡುತ್ತದೆ, ಧ್ವನಿಮುದ್ರಣದ ಖರ್ಚು ಭರಿಸುತ್ತದೆ, ಪ್ರಚಾರ ಮಾಡುತ್ತದೆ. ಆದರೆ ಆ ಮುಂಗಡವನ್ನೂ ಖರ್ಚಿನ ದೊಡ್ಡ ಭಾಗವನ್ನೂ ಗಾಯಕರಿಗೆ ಸಲ್ಲಬೇಕಾದ ರಾಯಧನದಿಂದ, ಅಂದರೆ ಮಾರಾಟವಾದ ಪ್ರತಿ ಪ್ರತಿಗೆ ಸಿಗುವ ಸಣ್ಣ ಪಾಲಿನಿಂದ, ಮುರಿದುಕೊಳ್ಳುತ್ತ ಹೋಗುತ್ತದೆ. ಹೀಗಾಗಿ ಆಲ್ಬಮ್ ಸಾಕಷ್ಟು ಮಾರಾಟವಾದರೂ ಗಾಯಕರ ಲೆಕ್ಕದಲ್ಲಿ ಬಾಕಿ ಉಳಿದೇ ಇರುವುದು ಅಪರೂಪವೇನಲ್ಲ. ಬಾಕಿಯೆಲ್ಲ ತೀರಿದ ಮೇಲೂ ಮಾಸ್ಟರ್ ಸಾಮಾನ್ಯವಾಗಿ ಕಂಪನಿಯ ಬಳಿಯೇ ಇರುತ್ತದೆ. ಸಾಲ ಸಂದಾಯವಾದ ಮೇಲೂ ಹೊಲದ ಪಹಣಿ ಸಾಹುಕಾರನ ಹೆಸರಿನಲ್ಲೇ ಮುಂದುವರಿದಂತೆ. ಯಾವ ಹಾಡು ಮೊದಲು ಹೊರಬರಬೇಕು, ಮುಖಪುಟದ ಚಿತ್ರ ಹೇಗಿರಬೇಕು, ಮುಂದಿನ ಆಲ್ಬಮ್ ಎಷ್ಟು ವರ್ಷಕ್ಕೆ ಬರಬೇಕು ಎಂಬ ತೀರ್ಮಾನಗಳಲ್ಲೂ ಕಂಪನಿಯ ಮಾತೇ ಮೇಲಾಗುತ್ತದೆ. ‘ಇಂಡಿಪೆಂಡೆಂಟ್’, ಸಂಕ್ಷೇಪದಲ್ಲಿ ‘ಇಂಡಿ’, ಎಂಬ ವಿಶೇಷಣ ಇಂದು ಒಂದು ಬಗೆಯ ನಾದಕ್ಕೆ, ಉಡುಪಿಗೆ, ಮನೋಧರ್ಮಕ್ಕೆ ಅಂಟಿಕೊಂಡಿದೆಯಾದರೂ ಅದರ ಮೊದಲ ಅರ್ಥ ತೀರ ವ್ಯಾವಹಾರಿಕವಾದದ್ದು: ಈ ಬಗೆಯ ಕರಾರಿಗೆ ಒಳಪಡದ ಸಂಗೀತ ಎಂಬುದಷ್ಟೇ.

ಡಿಫ್ರಾಂಕೊ ಹುಟ್ಟಿದ್ದು 1970ರ ಸೆಪ್ಟೆಂಬರ್ 23ರಂದು. ನ್ಯೂಯಾರ್ಕ್ ರಾಜ್ಯದ ಪಶ್ಚಿಮದ ಅಂಚಿನಲ್ಲಿ, ಈರಿ ಸರೋವರದ ದಡದಲ್ಲಿರುವ ಬಫಲೊ ಒಂದು ಕಾಲಕ್ಕೆ ಕಾಲುವೆ, ಕಣಜ ಮತ್ತು ಉಕ್ಕಿನ ಊರಾಗಿತ್ತು. 1950ರಲ್ಲಿ ಅಲ್ಲಿ ಸುಮಾರು 5,80,000 ಜನರಿದ್ದರು. 1990ರ ಗಣತಿಯ ಹೊತ್ತಿಗೆ ಆ ಸಂಖ್ಯೆ 3,28,000ಕ್ಕೆ ಇಳಿದಿತ್ತು. ನಗರಕ್ಕೆ ಅಂಟಿಕೊಂಡ ಲ್ಯಾಕವಾನದ ಬೃಹತ್ ಉಕ್ಕಿನ ಕಾರ್ಖಾನೆ 1980ರ ದಶಕದ ಆರಂಭದಲ್ಲಿ ಬಾಗಿಲೆಳೆದುಕೊಂಡಾಗ ಕೆಲಸ ಕಳೆದುಕೊಂಡವರು ಸಾವಿರಾರು. ಅವಕಾಶವಿದ್ದವರೆಲ್ಲ ಬಿಟ್ಟು ಹೋಗುತ್ತಿದ್ದ ಇಂಥ ಊರಿನಲ್ಲಿ ಬೆಳೆದವರೊಬ್ಬರು ಮುಂದೆ ಹಣ ಕೈಗೆ ಬಂದಾಗ ಅದನ್ನು ಅದೇ ಊರಿನಲ್ಲಿ ಹೂಡಿದರೆಂಬುದನ್ನು ಅವರ ಹಾಡುಗಳಷ್ಟೇ ಗಂಭೀರವಾಗಿ ಪರಿಗಣಿಸಬೇಕಾಗುತ್ತದೆ.

ಒಂಬತ್ತನೆಯ ವಯಸ್ಸಿನಲ್ಲಿ ಕೈಗೆ ಬಂದ ಗಿಟಾರಿನೊಡನೆಯೇ ಮೈಕೆಲ್ ಮೆಲ್ಡ್ರಮ್ ಎಂಬ ಸ್ಥಳೀಯ ಗಾಯಕನ ಸಹವಾಸವೂ ದೊರೆಯಿತು. ಬಫಲೊಗೆ ಹಾಡಲು ಬರುತ್ತಿದ್ದ ಗೀತಕಾರರಿಗೆ ವೇದಿಕೆ ಒದಗಿಸುತ್ತಿದ್ದ ಆತ ಈ ಬಾಲಕಿಯನ್ನು ತನ್ನ ಜೊತೆಯಲ್ಲಿ ಪಾನಗೃಹಗಳಿಗೂ ಕಾಫಿ ಅಂಗಡಿಗಳಿಗೂ ಕರೆದೊಯ್ದು ಹಾಡಿಸಿದನು. ಆಗ ಅವಳ ಬಾಯಲ್ಲಿದ್ದದ್ದು ಹೆಚ್ಚಾಗಿ ಬೀಟಲ್ಸ್ ತಂಡದ ಹಾಡುಗಳು. ಹದಿಹರೆಯಕ್ಕೆ ಬರುವಷ್ಟರಲ್ಲಿ ಸ್ವಂತ ಹಾಡುಗಳು ಹುಟ್ಟತೊಡಗಿದವು. ತಂದೆ ತಾಯಿ ಬೇರೆಯಾಗಿ, ತಾಯಿ ಕನೆಕ್ಟಿಕಟ್ ರಾಜ್ಯಕ್ಕೆ ಹೊರಟು ನಿಂತಾಗ ಹದಿನೈದು ವರ್ಷದ ಮಗಳು ಊರಲ್ಲೇ ಉಳಿದು, ಅಪ್ರಾಪ್ತ ವಯಸ್ಸಿನಲ್ಲೇ ಸ್ವತಂತ್ರವಾಗಿ ಬದುಕಲು ಅಮೆರಿಕದ ಕಾನೂನು ಕೊಡುವ ಮಾನ್ಯತೆಯನ್ನು ಪಡೆದುಕೊಂಡಳು. ಯಾರ ಆಶ್ರಯವೂ ಇಲ್ಲದೆ ತನ್ನ ಸಂಪಾದನೆಯಲ್ಲಿ ತಾನು ಬದುಕುವುದು ಆಕೆಯ ಮಟ್ಟಿಗೆ ಸಂಗೀತೋದ್ಯಮವನ್ನು ಕಂಡು ತಾಳಿದ ನಿಲುವಾಗುವ ಮೊದಲೇ ದಿನನಿತ್ಯದ ಅಭ್ಯಾಸವಾಗಿತ್ತು. 1980ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ನಗರಕ್ಕೆ ಹೋಗಿ ನ್ಯೂ ಸ್ಕೂಲ್ ಎಂಬ ವಿದ್ಯಾಸಂಸ್ಥೆಯಲ್ಲಿ ಕವಿ ಸೆಕು ಸುಂಡಿಯಾಟಾ ಅವರ ತರಗತಿಗಳಲ್ಲಿ ಕುಳಿತದ್ದು ಆಕೆಯ ಬರವಣಿಗೆಗೆ ದಕ್ಕಿದ ದೊಡ್ಡ ಸಂಸ್ಕಾರ. ಓದುವ ಕವಿತೆಗೂ ನುಡಿಯುವ ಕವಿತೆಗೂ ಇರುವ ಅಂತರವನ್ನು ಅರಿತಿದ್ದ ಆ ಆಫ್ರಿಕನ್-ಅಮೆರಿಕನ್ ಕವಿಯ ಪ್ರಭಾವವನ್ನು ಡಿಫ್ರಾಂಕೊ ಅವರ ಆಲ್ಬಮ್ಮುಗಳ ನಡುವೆ ಸಂಗೀತವಿಲ್ಲದೆ ಕೇವಲ ಮಾತಾಗಿ ಬರುವ ರಚನೆಗಳಲ್ಲಿ ಗುರುತಿಸಬಹುದು.

1990ರಲ್ಲಿ ಬಂದ ಮೊದಲ ಆಲ್ಬಮ್‌ನಲ್ಲಿ ಒಂದು ಗಿಟಾರು ಮತ್ತು ಒಂದು ಕಂಠದ ಹೊರತು ಬೇರೇನೂ ಇರಲಿಲ್ಲ. ಹಾಡಿದ ಕಡೆಯಲ್ಲೆಲ್ಲ ಕ್ಯಾಸೆಟ್ ಉಂಟೇ ಎಂದು ಕೇಳುವವರಿದ್ದುದರಿಂದ ಸಿದ್ಧವಾದದ್ದು ಅದು. ಅದರ ಮೇಲೆ ಯಾವುದಾದರೊಂದು ಪ್ರಕಾಶನದ ಹೆಸರು ಇರಬೇಕಾದ್ದರಿಂದ ಹುಟ್ಟಿದ ಸಂಸ್ಥೆಯೇ ‘ರೈಟಿಯಸ್ ಬೇಬ್ ರೆಕಾರ್ಡ್ಸ್’. ಕ್ಯಾಸೆಟ್ ಎಂಬ ಮಾಧ್ಯಮದ ಸ್ವರೂಪವೇ ಇಲ್ಲಿ ನೆರವಿಗೆ ಬಂತೆನ್ನಬೇಕು. ಗ್ರಾಮಫೋನ್ ತಟ್ಟೆಯನ್ನು ಒತ್ತಲು ಕಾರ್ಖಾನೆಯೂ ದೊಡ್ಡ ಸಂಖ್ಯೆಯ ಆರ್ಡರೂ ಬೇಕಾಗುತ್ತಿತ್ತು, ಕ್ಯಾಸೆಟ್ಟನ್ನಾದರೆ ಕೆಲವು ನೂರರ ಲೆಕ್ಕದಲ್ಲಿ ಅಗ್ಗವಾಗಿ ನಕಲು ಮಾಡಿಸಬಹುದಿತ್ತು, ಮಾರಿಹೋದ ಹಣದಿಂದ ಮತ್ತೆ ಕೆಲವು ನೂರು ಮಾಡಿಸಬಹುದಿತ್ತು. ಡಿಫ್ರಾಂಕೊ ಹಳೆಯ ಕಾರೊಂದರಲ್ಲಿ ಗಿಟಾರನ್ನೂ ಕ್ಯಾಸೆಟ್ಟಿನ ಪೆಟ್ಟಿಗೆಗಳನ್ನೂ ಹೇರಿಕೊಂಡು ಕಾಲೇಜಿನಿಂದ ಕಾಲೇಜಿಗೆ, ಕಾಫಿ ಅಂಗಡಿಯಿಂದ ಕಾಫಿ ಅಂಗಡಿಗೆ ಸುತ್ತಿದರು. ಬರೆದ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಕನ್ನಡಿಗರಿಗೆ ಓದಿನ ರುಚಿ ಹತ್ತಿಸಿದ ಗಳಗನಾಥರನ್ನು ಬಲ್ಲ ಓದುಗರಿಗೆ ಈ ವ್ಯಾಪಾರದ ಬಗೆ ಅಪರಿಚಿತವಲ್ಲ. ಕೊಳ್ಳುವವರ ಮುಖವನ್ನು ಕಂಡು ಮಾರಿದ ಸರಕು ಅವರೊಡನೆ ಒಂದು ಸಂಬಂಧವನ್ನೂ ಬೆಸೆಯುತ್ತದೆ. ಕಾಲೇಜಿನ ವಸತಿಗೃಹಗಳಲ್ಲಿ ಒಬ್ಬರ ಕ್ಯಾಸೆಟ್ಟನ್ನು ಇನ್ನೊಬ್ಬರು ನಕಲು ಮಾಡಿಕೊಂಡು, ಗಾಯಕಿಯು ಬರುವ ಮೊದಲೇ ಹಾಡುಗಳು ಆ ಊರಿಗೆ ತಲುಪಿರುತ್ತಿದ್ದವು.

ಆದರೂ ಆಕೆ ಬರಿಯ ಬಯಲಿನಲ್ಲಿ ದಾರಿ ಮಾಡಿಕೊಂಡರೆಂದರೆ ಹಿಂದಿನವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಸ್ತ್ರೀವಾದಿ ಚಳವಳಿಯ ಭಾಗವಾಗಿ 1973ರಲ್ಲಿ ಆರಂಭವಾದ ಒಲಿವಿಯಾ ರೆಕಾರ್ಡ್ಸ್, ಮಹಿಳೆಯರ ಸಂಗೀತವನ್ನು ಮಾರುತ್ತಿದ್ದ ಲೇಡಿಸ್ಲಿಪ್ಪರ್ ಮತ್ತು ಗೋಲ್ಡನ್‌ರಾಡ್‌ನಂಥ ಸಣ್ಣ ವಿತರಕರು, ಬೇಸಿಗೆಯಲ್ಲಿ ನಡೆಯುತ್ತಿದ್ದ ಮಹಿಳಾ ಸಂಗೀತೋತ್ಸವಗಳು, ಊರೂರಿನ ಮಹಿಳಾ ಪುಸ್ತಕದಂಗಡಿಗಳು, ಇವೆಲ್ಲ ಸೇರಿ ದೊಡ್ಡ ಕಂಪನಿಗಳ ಕಣ್ಣಿಗೆ ಬೀಳದ ಒಂದು ಮಾರುಕಟ್ಟೆಯನ್ನು ಎರಡು ದಶಕಗಳ ಕಾಲ ಕಟ್ಟಿದ್ದವು. ಡಿಫ್ರಾಂಕೊ ಅವರ ಕ್ಯಾಸೆಟ್ಟುಗಳು ಮೊದಲು ಹರಿದದ್ದು ಈ ಕಾಲುವೆಗಳಲ್ಲಿ. ದೂರವಾಣಿಯಲ್ಲಿ ಆರ್ಡರು ಸ್ವೀಕರಿಸಲು ಸಂಸ್ಥೆಯು ಪಡೆದುಕೊಂಡ ಉಚಿತ ಕರೆಯ ಸಂಖ್ಯೆಯ ಅಂಕಿಗಳನ್ನು ಕೀಲಿಯ ಮೇಲಿನ ಅಕ್ಷರಗಳಾಗಿ ಓದಿದರೆ ‘ಆನ್ ಹರ್ ಓನ್’, ಅಂದರೆ ‘ತನ್ನ ಕಾಲ ಮೇಲೆ ತಾನು’, ಎಂದಾಗುತ್ತಿತ್ತು.

ಮಾರಾಟದ ಕಥೆಯಲ್ಲಿ ಮುಳುಗಿ ಸಂಗೀತವನ್ನು ಮರೆಯುವುದು ಡಿಫ್ರಾಂಕೊ ಅವರ ಬಗ್ಗೆ ಬರೆದವರು ಮತ್ತೆ ಮತ್ತೆ ಮಾಡಿದ ತಪ್ಪು. ಅಕೌಸ್ಟಿಕ್ ಗಿಟಾರ್, ಅಂದರೆ ವಿದ್ಯುತ್ತಿನ ನೆರವಿಲ್ಲದೆ ಮರದ ಪೊಳ್ಳಿನಿಂದಲೇ ನಾದ ಹೊಮ್ಮಿಸುವ ಗಿಟಾರ್, ಅಮೆರಿಕದ ಫೋಕ್ ಸಂಗೀತದಲ್ಲಿ ಸಾಮಾನ್ಯವಾಗಿ ಕಂಠದ ಹಿಂದೆ ಮೆತ್ತಗೆ ನಡೆಯುವ ವಾದ್ಯ. ಫೋಕ್ ಎಂದರೆ ವುಡಿ ಗತ್ರಿ, ಪೀಟ್ ಸೀಗರ್ ಮುಂತಾದವರು ಜನಪದ ಮಟ್ಟುಗಳ ಮೇಲೆ ಕಟ್ಟಿದ, ಕೂಲಿಕಾರರ ಸಂಘಟನೆಯೊಡನೆಯೂ ಯುದ್ಧವಿರೋಧದೊಡನೆಯೂ ಬೆರೆತ ಗೀತಪರಂಪರೆ. ಡಿಫ್ರಾಂಕೊ ಆ ಗಿಟಾರನ್ನು ಹಿಡಿದರೂ ಅದನ್ನು ನುಡಿಸಿದ ರೀತಿಯಲ್ಲಿ ಪಂಕ್ ರಾಕ್‌ನ ಬಿರುಸಿತ್ತು. ತಂತಿಯನ್ನು ಎಡಗೈ ಬೆರಳಿನಿಂದ ಅರೆಬರೆ ಒತ್ತಿ ನಾದವನ್ನು ಕತ್ತರಿಸುವುದು, ಬಲಗೈಯಿಂದ ತಂತಿಗೆ ಬಡಿದು ಚರ್ಮವಾದ್ಯದ ಪೆಟ್ಟನ್ನು ಎಬ್ಬಿಸುವುದು, ಹೆಬ್ಬೆರಳು ಕೆಳಸ್ವರದಲ್ಲಿ ಒಂದು ನಡೆಯನ್ನು ಹಿಡಿದಿರುವಾಗ ಉಳಿದ ಬೆರಳುಗಳು ಅದಕ್ಕೆ ಎದುರಾಗಿ ಮತ್ತೊಂದನ್ನು ನೇಯುವುದು, ಇವೆಲ್ಲ ಸೇರಿ ಒಂಟಿ ಗಿಟಾರೇ ತಾಳವಾದ್ಯವೂ ಆಗುತ್ತಿತ್ತು. ಗದ್ದಲದ ಪಾನಗೃಹದಲ್ಲಿ ಕುಡಿಯುತ್ತ ಹರಟುವವರ ಕಿವಿಯನ್ನು ಒಬ್ಬಳೇ ಸೆಳೆಯಬೇಕಾದ ಪರಿಸ್ಥಿತಿಯೇ ಈ ಶೈಲಿಯನ್ನು ರೂಪಿಸಿತೆಂದು ಊಹಿಸಲು ಕಾರಣವಿದೆ. ಆ ಬಿರುಸಿಗೆ ಸ್ವಂತ ಉಗುರುಗಳು ತಡೆಯುತ್ತಿರಲಿಲ್ಲವಾದ್ದರಿಂದ ಕೃತಕ ಉಗುರುಗಳನ್ನು ಅಂಟಿಸಿಕೊಂಡು, ಅವುಗಳ ಮೇಲೆ ವೈರಿಂಗ್ ಕೆಲಸದವರು ಬಳಸುವ ಇನ್ಸುಲೇಷನ್ ಟೇಪನ್ನು ಸುತ್ತಿಕೊಂಡು ನುಡಿಸುವುದು ರೂಢಿಯಾಯಿತು.

ಇದರೊಡನೆ ಶ್ರುತಿಯ ವಿಷಯವೂ ಇದೆ. ಗಿಟಾರಿನ ಆರು ತಂತಿಗಳನ್ನು ಕೂಡಿಸುವ ಒಂದು ಸರ್ವಸಮ್ಮತ ಕ್ರಮವಿದ್ದು, ಕಲಿಕೆಯ ಪುಸ್ತಕಗಳೆಲ್ಲ ಅದನ್ನೇ ಅನುಸರಿಸುತ್ತವೆ. ಡಿಫ್ರಾಂಕೊ ಒಂದೊಂದು ಹಾಡಿಗೆ ಒಂದೊಂದು ಬಗೆಯಲ್ಲಿ ತಂತಿಗಳನ್ನು ಸಡಿಲಿಸಿ, ಬಿಗಿದು, ತನ್ನವೇ ಶ್ರುತಿಕ್ರಮಗಳನ್ನು ಕಂಡುಕೊಂಡರು. ಬೆರಳಿಟ್ಟ ಕಡೆ ಪರಿಚಿತ ಸ್ವರವೇ ಬರುವುದಾದರೆ ಕೈ ತಾನಾಗಿಯೇ ಹಳೆಯ ದಾರಿಯನ್ನು ಹಿಡಿಯುತ್ತದೆ. ಶ್ರುತಿ ಬದಲಾದಾಗ ಬೆರಳು ತಡವರಿಸಿ ಹುಡುಕಬೇಕಾಗುತ್ತದೆ, ಆ ಹುಡುಕಾಟದಲ್ಲಿ ಹೊಸ ಮಟ್ಟು ಸಿಗುತ್ತದೆ. ಈ ನಾದದ ಮೇಲೆ ಕೂತ ಸಾಹಿತ್ಯವಾದರೂ ಗರ್ಭಪಾತ, ಅತ್ಯಾಚಾರ, ಬಡತನ, ಹೆಣ್ಣು ಹೆಣ್ಣನ್ನು ಪ್ರೀತಿಸುವುದು, ಗಂಡನ್ನೂ ಪ್ರೀತಿಸುವುದು, ಊರಿನ ಅವಸಾನ ಮೊದಲಾದ ವಿಷಯಗಳನ್ನು ಪಿಸುಮಾತಿನಿಂದ ಕೂಗಿನವರೆಗೆ ಒಂದೇ ಉಸಿರಿನಲ್ಲಿ ದಾಟುವಂಥದು. ಗ್ರ್ಯಾಮಿ ಪ್ರಶಸ್ತಿಯ ನಾಮನಿರ್ದೇಶನಗಳಲ್ಲಿ ಆಕೆಯ ಹೆಸರು ರಾಕ್ ಗಾಯಕಿಯರ ವಿಭಾಗದಲ್ಲಿ ಕಾಣಿಸಿಕೊಂಡಿತು. ಫೋಕೋ ರಾಕೋ ಎಂಬ ಚರ್ಚೆ ವಿಮರ್ಶಕರಲ್ಲಿ ನಡೆದೇ ಇತ್ತು. ಹಾಡಿನ ಮನಸ್ಸು ಫೋಕ್‌ನದು, ಅದರ ಮೈ ರಾಕ್‌ನದು ಎಂದರೆ ಹೆಚ್ಚು ತಪ್ಪಾಗದು.

1990ರಿಂದ 1999ರವರೆಗೆ ವರ್ಷಕ್ಕೊಂದಾದರೂ ಆಲ್ಬಮ್ ಬಂದಿತು, ಕೊನೆಯ ವರ್ಷದಲ್ಲಿ ಎರಡು ಬಂದವು. ಎರಡು ಮೂರು ವರ್ಷಕ್ಕೊಂದು ಆಲ್ಬಮ್ ತಂದು, ಅದರ ಪ್ರಚಾರದ ಕಾವು ಆರಿದ ಮೇಲೆ ಮುಂದಿನದಕ್ಕೆ ಕೈಹಾಕುವುದು ದೊಡ್ಡ ಕಂಪನಿಗಳ ಪದ್ಧತಿಯಾಗಿದ್ದ ಕಾಲದಲ್ಲಿ ಈ ವೇಗ ಸ್ವಂತ ಸಂಸ್ಥೆಯಿದ್ದುದರಿಂದ ಮಾತ್ರ ಸಾಧ್ಯವಾಯಿತು. ಅದರ ಲಾಭವೂ ನಷ್ಟವೂ ಆಲ್ಬಮ್ಮುಗಳಲ್ಲೇ ಕೇಳಿಸುತ್ತವೆ: ಹಾಡುಗಳು ಹುಟ್ಟಿದ ಬಿಸಿಯಲ್ಲೇ ಮುದ್ರಿತವಾಗಿವೆ, ಆದರೆ ಇನ್ನೂ ಒಂದು ಸಲ ತಿದ್ದಿದ್ದರೆ ಗಟ್ಟಿಯಾಗುತ್ತಿದ್ದ ರಚನೆಗಳೂ ಅವುಗಳ ನಡುವೆ ಸೇರಿಕೊಂಡಿವೆ. 1995ರ ‘ನಾಟ್ ಎ ಪ್ರೆಟಿ ಗರ್ಲ್’ ಮತ್ತು 1996ರ ‘ಡೈಲೇಟ್’ ಆಲ್ಬಮ್ಮುಗಳ ಹೊತ್ತಿಗೆ ರಾಷ್ಟ್ರಮಟ್ಟದ ಪತ್ರಿಕೆಗಳು ಬಫಲೊಗೆ ಹುಡುಕಿಕೊಂಡು ಬಂದವು. ಜೊತೆಗೆ ದೊಡ್ಡ ಕಂಪನಿಗಳ ಆಹ್ವಾನಗಳೂ ಬಂದವು, ಎಲ್ಲವೂ ತಿರಸ್ಕೃತವಾದವು. ಡ್ರಮ್ ವಾದಕ ಆಂಡಿ ಸ್ಟೊಚಾನ್ಸ್ಕಿ ಮತ್ತು ಹಿಂದೆ ಗ್ಯಾಂಗ್ ಆಫ್ ಫೋರ್ ತಂಡದಲ್ಲಿ ಬೇಸ್ ಗಿಟಾರ್ ನುಡಿಸಿದ್ದ ಸಾರಾ ಲೀ ಇವರೊಡನೆ ಮಾಡಿದ ಕಛೇರಿಗಳಿಂದ ಆಯ್ದ 1997ರ ‘ಲಿವಿಂಗ್ ಇನ್ ಕ್ಲಿಪ್’ ಎಂಬ ಜೋಡಿ ಸೀಡಿಯು ಅಮೆರಿಕದ ಉದ್ಯಮದಲ್ಲಿ ದೊಡ್ಡ ಮಾರಾಟಕ್ಕೆ ಸಲ್ಲುವ ‘ಗೋಲ್ಡ್’ ಎಂಬ ಮಾನ್ಯತೆಯನ್ನು ಪಡೆಯಿತು. ಮೂವರೇ ಮೂವರು ಸೇರಿ ಎಬ್ಬಿಸಿದ ನಾದದ ದಟ್ಟಣೆಯನ್ನೂ ಹಾಡುಗಳ ನಡುವೆ ಸಭಿಕರೊಡನೆ ನಡೆದ ಸಲ್ಲಾಪವನ್ನೂ ಒಟ್ಟಿಗೆ ಹಿಡಿದಿಟ್ಟ ಆ ಮುದ್ರಿಕೆಯೇ ಹೊಸ ಕೇಳುಗರು ಮೊದಲು ಕೇಳಬೇಕಾದದ್ದು. ಮರುವರ್ಷದ ‘ಲಿಟಲ್ ಪ್ಲಾಸ್ಟಿಕ್ ಕಾಸಲ್’ ಬಿಡುಗಡೆಯಾದ ವಾರವೇ ಬಿಲ್‌ಬೋರ್ಡ್ ಪತ್ರಿಕೆಯ ಮಾರಾಟದ ಪಟ್ಟಿಯಲ್ಲಿ 22ನೆಯ ಸ್ಥಾನಕ್ಕೆ ಬಂದು ನಿಂತಿತು.

ಇದೇ ಹೊತ್ತಿನಲ್ಲಿ ಆಕೆಯ ಹೆಸರು ವಾಣಿಜ್ಯ ಪುಟಗಳಲ್ಲಿ ಹೊಳೆಯತೊಡಗಿತು. ಕಂಪನಿಗಳ ಗಾಯಕರಿಗಿಂತ ಪ್ರತಿ ಆಲ್ಬಮ್‌ಗೆ ಆಕೆಗೆ ದಕ್ಕುವ ಹಣ ಎಷ್ಟು ಪಟ್ಟು ಹೆಚ್ಚೆಂಬ ಲೆಕ್ಕಾಚಾರವೇ ಲೇಖನಗಳ ತಿರುಳಾಯಿತು. ‘ಮಿಸ್’ ಎಂಬ ಸ್ತ್ರೀವಾದಿ ಪತ್ರಿಕೆಯೂ ಮುಂದಿನ ಶತಮಾನದ ಮಹಿಳೆಯರ ಪಟ್ಟಿಯಲ್ಲಿ ಆಕೆಯನ್ನು ಸೇರಿಸುವಾಗ ಈ ಗಳಿಕೆಯನ್ನೇ ಎತ್ತಿ ಹೇಳಿದಾಗ, 1997ರಲ್ಲಿ ಡಿಫ್ರಾಂಕೊ ಸಂಪಾದಕರಿಗೆ ಒಂದು ಬಹಿರಂಗ ಪತ್ರ ಬರೆದರು. ತಾನು ವ್ಯಾಪಾರವನ್ನು ಕೈಗೆತ್ತಿಕೊಂಡದ್ದು ಹಾಡನ್ನು ವ್ಯಾಪಾರದಿಂದ ಕಾಪಾಡುವುದಕ್ಕೆ, ದೊಡ್ಡ ಕಂಪನಿಯ ಮೂಲಕ ಹೋಗಿದ್ದರೆ ಇನ್ನೂ ಹೆಚ್ಚು ಹಣ ಬರುತ್ತಿತ್ತು, ಹಾಗಿರುವಾಗ ಅದೇ ಹಣದ ಅಳತೆಗೋಲಿನಿಂದ ತನ್ನನ್ನು ಮೆಚ್ಚುವುದು ನೋವಿನ ಸಂಗತಿ ಎಂಬುದು ಆ ಪತ್ರದ ಆಶಯ. ಸ್ವಾವಲಂಬನೆಯನ್ನು ಲಾಭದ ಜಾಣತನವೆಂದು ಓದುವುದು ಇಂದಿಗೂ ಎಷ್ಟು ಸಹಜವಾಗಿ ನಡೆಯುತ್ತದೆಂಬುದನ್ನು ಕಂಡರೆ ಆ ಪತ್ರಕ್ಕೆ ವಯಸ್ಸಾಗಿಲ್ಲವೆಂದೇ ತೋರುತ್ತದೆ.

ಹಣ ಎಲ್ಲಿಗೆ ಹೋಯಿತೆಂದು ನೋಡಿದರೆ ಆಕೆಯ ಮಾತಿನ ಸತ್ಯ ಹೆಚ್ಚು ಸ್ಪಷ್ಟವಾಗುತ್ತದೆ. ಸೀಡಿಗಳ ತಯಾರಿಕೆ, ಹೊದಿಕೆಯ ಮುದ್ರಣ, ಅಂಗಿ ಮತ್ತು ಭಿತ್ತಿಪತ್ರಗಳ ಕೆಲಸ ಎಲ್ಲವನ್ನೂ ಆದಷ್ಟು ಬಫಲೊ ಮತ್ತು ಅದರ ಸುತ್ತಲಿನ ಸಣ್ಣ ಉದ್ಯಮಗಳಿಗೇ ಕೊಡುವುದನ್ನು ಸಂಸ್ಥೆಯು ನಿಯಮವನ್ನಾಗಿ ಮಾಡಿಕೊಂಡಿತು. ಆಕೆಯ ದೀರ್ಘಕಾಲದ ವ್ಯವಸ್ಥಾಪಕ ಸ್ಕಾಟ್ ಫಿಶರ್ ಹಳೆಯ ಕಟ್ಟಡಗಳ ಸಂರಕ್ಷಣೆಯಲ್ಲಿ ಆಸಕ್ತಿಯಿದ್ದವರು. ಡೆಲವೇರ್ ಅವೆನ್ಯೂದಲ್ಲಿ 1870ರ ದಶಕದಲ್ಲಿ ಗಾಥಿಕ್ ಶೈಲಿಯಲ್ಲಿ ಕಟ್ಟಿದ ಮೆಥಡಿಸ್ಟ್ ಚರ್ಚೊಂದು ಶಿಥಿಲವಾಗಿ, ಕಲ್ಲುಗಳು ಉದುರತೊಡಗಿ, ನಗರಾಡಳಿತವು ಅದನ್ನು ಕೆಡವುವ ಯೋಚನೆಯಲ್ಲಿದ್ದಾಗ ಇವರಿಬ್ಬರೂ ಸೇರಿ ಅದನ್ನು ಉಳಿಸಲು ಮುಂದಾದರು. ವರ್ಷಗಟ್ಟಲೆ ನಡೆದ ದುರಸ್ತಿಯ ನಂತರ 2000ದ ದಶಕದ ನಡುವಿನಲ್ಲಿ ಅದು ‘ಬೇಬ್‌ವಿಲ್’ ಎಂಬ ಹೆಸರಿನಲ್ಲಿ ಮತ್ತೆ ಬಾಗಿಲು ತೆರೆಯಿತು. ಪ್ರಾರ್ಥನೆಯ ಅಂಗಳ ಸಂಗೀತದ ಸಭಾಂಗಣವಾಯಿತು, ಹಾಲ್‌ವಾಲ್ಸ್ ಎಂಬ ಸಮಕಾಲೀನ ಕಲಾಕೇಂದ್ರಕ್ಕೆ ಅಲ್ಲೇ ನೆಲೆ ಸಿಕ್ಕಿತು, ರೆಕಾರ್ಡ್ ಸಂಸ್ಥೆಯ ಕಚೇರಿಯೂ ಅದೇ ಸೂರಿನಡಿ ಬಂದು ಕುಳಿತಿತು. ಹಾಡುಗಳ ಗಳಿಕೆ ಹೀಗೆ ಒಂದು ಊರಿನ ಬೀದಿಯಲ್ಲಿ ಕಣ್ಣಿಗೆ ಕಾಣುವಂತೆ ನಿಂತಿರುವ ಉದಾಹರಣೆಗಳು ರಾಕ್ ಸಂಗೀತದ ಚರಿತ್ರೆಯಲ್ಲಿ ಹೆಚ್ಚಿಲ್ಲ.

ತನ್ನ ಹಾಡಿಗೆಂದು ಹುಟ್ಟಿದ ಸಂಸ್ಥೆ ಕ್ರಮೇಣ ಇತರರದನ್ನೂ ಪ್ರಕಟಿಸತೊಡಗಿತು. ಗುರು ಸುಂಡಿಯಾಟಾ ಅವರ ಕಾವ್ಯವಾಚನ, ಆರ್ಟೊ ಲಿಂಡ್ಸೆಯ ಪ್ರಯೋಗಗಳು, ಪಿಟೀಲು ನುಡಿಸುತ್ತ ಸಿಳ್ಳೆ ಹಾಕುತ್ತ ಹಾಡುವ ಆಂಡ್ರ್ಯೂ ಬರ್ಡ್‌ನ ಆರಂಭದ ಕೆಲವು ಆಲ್ಬಮ್ಮುಗಳು ಇಲ್ಲಿಂದಲೇ ಹೊರಬಂದವು. ಆದರೆ ಈ ಕಾಲದ ಅತ್ಯಂತ ಸಾರ್ಥಕ ಕೆಲಸವೆಂದರೆ ಯೂಟಾ ಫಿಲಿಪ್ಸ್ ಜೊತೆಗಿನದು. ಸರಕು ರೈಲುಗಳಲ್ಲಿ ಕಳ್ಳಪಯಣ ಮಾಡುತ್ತ ಅಲೆದ, ಕೊರಿಯಾ ಯುದ್ಧದಿಂದ ಮರಳಿ ಶಾಂತಿವಾದಿಯಾದ, ಕಾರ್ಮಿಕ ಸಂಘಟನೆಗಳ ಹಾಡು ಮತ್ತು ಕಥೆಗಳ ಭಂಡಾರವೇ ಆಗಿದ್ದ ಈ ವೃದ್ಧ ಗಾಯಕ ವೇದಿಕೆಯ ಮೇಲೆ ಹಾಡುಗಳ ನಡುವೆ ಹೇಳುತ್ತಿದ್ದ ಕಥೆಗಳ ಮುದ್ರಿಕೆಗಳನ್ನು ತರಿಸಿಕೊಂಡು, ಆ ಮಾತಿನ ಲಯಕ್ಕೆ ಹೊಂದುವಂತೆ ಡ್ರಮ್, ಬೇಸ್, ಗಿಟಾರುಗಳ ನಡೆಯನ್ನು ಹೆಣೆದು ಡಿಫ್ರಾಂಕೊ 1996ರಲ್ಲಿ ‘ದ ಪಾಸ್ಟ್ ಡಿಡ್‌ನ್ಟ್ ಗೋ ಎನಿವೇರ್’ ಆಲ್ಬಮ್ ತಂದರು. ಯಾವ ಕಂಪನಿಯ ಲೆಕ್ಕದಲ್ಲೂ ಮಾರುಕಟ್ಟೆ ಇರದಿದ್ದ ಮುದುಕನ ಕಥೆಗಳು ಇಪ್ಪತ್ತರ ಹರೆಯದವರ ಕಿವಿಗೆ ಬಿದ್ದವು. 1999ರಲ್ಲಿ ಇಬ್ಬರೂ ಜೊತೆಗೂಡಿ ಮಾಡಿದ ‘ಫೆಲೊ ವರ್ಕರ್ಸ್’ ಗ್ರ್ಯಾಮಿಗೆ ನಾಮನಿರ್ದೇಶನಗೊಂಡಿತು. ಅದೇ ವರ್ಷ, ತನ್ನ ಕಂಪನಿಯೊಡನೆ ಮಾಸ್ಟರುಗಳ ಒಡೆತನಕ್ಕಾಗಿ ಬಹಿರಂಗವಾಗಿ ಜಗಳವಾಡಿ ಹೊರಬಂದಿದ್ದ ಮಹಾನ್ ಗಾಯಕ ಪ್ರಿನ್ಸ್ ಆಕೆಯ ಆಲ್ಬಮ್‌ನಲ್ಲಿ ಹಾಡಿದನು, ಆತನ ಆಲ್ಬಮ್‌ನಲ್ಲಿ ಆಕೆ ಗಿಟಾರ್ ನುಡಿಸಿದರು. ಕೋಟಿಗಟ್ಟಲೆ ಮಾರಾಟವಾದ ಕಲಾವಿದನು ಹೋರಾಡಿಯೂ ಪಡೆಯಲು ಕಷ್ಟಪಟ್ಟದ್ದನ್ನು ಈಕೆ ಎಂದೂ ಕಳೆದುಕೊಂಡೇ ಇರಲಿಲ್ಲವೆಂಬುದು ಆ ಭೇಟಿಯ ಹಿನ್ನೆಲೆಯಲ್ಲಿದ್ದ ಸಂಗತಿ.

ಕಂಪನಿಯ ಹಿಡಿತದಿಂದ ಪಾರಾದ ಮಾತ್ರಕ್ಕೆ ಎಲ್ಲ ಹಿಡಿತಗಳೂ ತಪ್ಪಲಿಲ್ಲ. ನೇರವಾಗಿ ಕೊಂಡು ಕೇಳಿದವರೊಡನೆ ಬೆಳೆದ ಆತ್ಮೀಯತೆಗೆ ಒಂದು ಅಧಿಕಾರವೂ ಇರುತ್ತದೆ. ಹೆಣ್ಣು ಗಂಡು ಇಬ್ಬರನ್ನೂ ಪ್ರೀತಿಸುವವಳೆಂದು ಮೊದಲಿನಿಂದಲೂ ಹೇಳಿಕೊಂಡಿದ್ದ ಡಿಫ್ರಾಂಕೊ 1998ರಲ್ಲಿ ಪುರುಷನೊಬ್ಬನನ್ನು ಮದುವೆಯಾದಾಗ, ತಮ್ಮವಳೆಂದು ನಂಬಿದ್ದ ಕೇಳುಗರಲ್ಲಿ ಹಲವರು ಅದನ್ನು ದ್ರೋಹವೆಂದು ಭಾವಿಸಿದರು. ಉಡುಪಿನ, ಕೂದಲಿನ ಬದಲಾವಣೆಗಳು ಸಹ ಟೀಕೆಗೆ ಗುರಿಯಾದವು. 2013ರ ಕೊನೆಯಲ್ಲಿ ಇದಕ್ಕಿಂತ ಗಂಭೀರವಾದ, ಸಕಾರಣವಾದ ಮುನಿಸು ಎದುರಾಯಿತು. ಲೂಸಿಯಾನಾದ ನಾಟವೆ ಎಂಬ ಹಳೆಯ ತೋಟದ ಮಹಲಿನಲ್ಲಿ, ಅಂದರೆ ನೂರಾರು ಕರಿಯ ಜನರು ಗುಲಾಮರಾಗಿ ದುಡಿದ ಜಾಗದಲ್ಲಿ, ಗೀತರಚನೆಯ ಶಿಬಿರವೊಂದನ್ನು ನಡೆಸುವುದೆಂದು ಪ್ರಕಟಣೆ ಹೊರಟಾಗ ಕರಿಯ ಮಹಿಳೆಯರಿಂದ ತೀವ್ರ ಪ್ರತಿಭಟನೆ ಬಂತು. ಶಿಬಿರವನ್ನು ರದ್ದುಗೊಳಿಸುತ್ತ ಡಿಫ್ರಾಂಕೊ ನೀಡಿದ ಮೊದಲ ಹೇಳಿಕೆಯಲ್ಲಿ ಪಶ್ಚಾತ್ತಾಪಕ್ಕಿಂತ ಸಮರ್ಥನೆಯೇ ಹೆಚ್ಚಾಗಿದ್ದು, ಅದರಿಂದ ನೋವು ಹೆಚ್ಚಿತು. ಕೆಲವು ದಿನಗಳ ನಂತರ ಎರಡನೆಯ ಹೇಳಿಕೆಯಲ್ಲಿ ಆಕೆ ನೇರವಾಗಿ ಕ್ಷಮೆ ಕೇಳಿದರು. ವರ್ಣಭೇದದ ವಿರುದ್ಧ ಎರಡು ದಶಕ ಹಾಡಿದವರೂ ಕೇಳಿಸಿಕೊಳ್ಳುವುದರಲ್ಲಿ ಎಡವಬಹುದೆಂಬ ಈ ಪ್ರಸಂಗವನ್ನು ಬಿಟ್ಟು ಆಕೆಯ ವೃತ್ತಿಜೀವನವನ್ನು ಹೇಳುವುದು ಪ್ರಾಮಾಣಿಕವಾಗದು.

ದೇಹವೂ ತನ್ನ ಬಾಕಿಯನ್ನು ಕೇಳಿತು. ವರ್ಷಗಟ್ಟಲೆ ಬಿರುಸಾಗಿ ತಂತಿ ಮೀಟಿದ ಕೈಗಳ ಸ್ನಾಯುರಜ್ಜುಗಳು ಉರಿಯೂತಕ್ಕೊಳಗಾಗಿ 2005ರಲ್ಲಿ ಪ್ರವಾಸವನ್ನು ನಿಲ್ಲಿಸಬೇಕಾಯಿತು. ಕಛೇರಿಯ ವರಮಾನದ ಮೇಲೆ ನಿಂತ ಸಣ್ಣ ಸಂಸ್ಥೆಗೆ ಗಾಯಕಿಯ ಮಣಿಕಟ್ಟಿನ ನೋವೆಂದರೆ ಕಾರ್ಖಾನೆಯ ಯಂತ್ರ ಕೆಟ್ಟಂತೆಯೇ ಸರಿ. ಅದೇ ವರ್ಷ, ಆಕೆ ನೆಲೆಸಿದ್ದ ನ್ಯೂ ಆರ್ಲಿಯನ್ಸ್ ನಗರವನ್ನು ಕತ್ರಿನಾ ಚಂಡಮಾರುತ ಮುಳುಗಿಸಿತು. ಅಲ್ಲಿ ಆರಂಭವಾಗಿದ್ದ ‘ರಿಪ್ರೀವ್’ ಆಲ್ಬಮ್‌ನ ಕೆಲಸ ಬಫಲೊದಲ್ಲಿ ಮುಗಿದು ಮರುವರ್ಷ ಬಿಡುಗಡೆಯಾಯಿತು. ಇದಕ್ಕೂ ಮೊದಲು ಬಂದಿದ್ದ 2003ರ ‘ಇವಾಲ್ವ್’ ಆಲ್ಬಮ್‌ಗೆ ದೊರೆತ ಗ್ರ್ಯಾಮಿ ಪ್ರಶಸ್ತಿ ಅದರ ಹೊದಿಕೆಯ ವಿನ್ಯಾಸಕ್ಕೆ ಸಂದದ್ದು. ಬ್ರಯನ್ ಗ್ರುನರ್ಟ್ ಜೊತೆಗೂಡಿ ಆಕೆ ತಾನೇ ರೂಪಿಸಿದ ಆ ಹೊದಿಕೆಯು, ವಸ್ತುವಾಗಿ ಕೈಗೆ ಬರುತ್ತಿದ್ದ ಸಂಗೀತದ ಕೊನೆಯ ವರ್ಷಗಳ ನೆನಪಿನಂತೆ ಉಳಿದಿದೆ. ಅಂತರ್ಜಾಲದಲ್ಲಿ ಹಾಡುಗಳು ಬಿಟ್ಟಿಯಾಗಿ ಹರಿದಾಡತೊಡಗಿದಾಗ ಸಣ್ಣ ಸಂಸ್ಥೆಗಳೂ ಸೊರಗಿದವು. ತಿಂಗಳ ಚಂದಾ ಕೊಟ್ಟು ಎಲ್ಲ ಹಾಡನ್ನೂ ಕೇಳುವ ಇಂದಿನ ಪದ್ಧತಿಯಲ್ಲಿ ಒಂದು ಕೇಳುವಿಕೆಗೆ ದೊರೆಯುವ ಹಣ ತೀರ ಅಲ್ಪವಾದ್ದರಿಂದ, ಹತ್ತಾರು ಸಾವಿರ ನಿಷ್ಠಾವಂತ ಕೇಳುಗರು ಪ್ರತಿಯೊಂದು ಆಲ್ಬಮ್ಮನ್ನೂ ಕೊಳ್ಳುವುದರ ಮೇಲೆ ನಿಂತಿದ್ದ ಲೆಕ್ಕ ಬುಡಮೇಲಾಯಿತು. ಮಾಸ್ಟರ್ ಕೈಯಲ್ಲಿದ್ದರೂ ಅದಕ್ಕೆ ಬೆಲೆ ಕಟ್ಟುವವರು ಬೇರೆಯೇ ಆಗಿರುವ ಈ ಕಾಲದಲ್ಲಿ, 1990ರಲ್ಲಿ ಡಿಫ್ರಾಂಕೊ ಹಿಡಿದ ದಾರಿಯನ್ನು ಹಾಗೆಯೇ ಹಿಡಿಯುವುದು ಹೊಸಬರಿಗೆ ಸುಲಭವಿಲ್ಲ. ಮುದ್ರಣದ ಉಪಕರಣ ಎಲ್ಲರ ಮೇಜಿನ ಮೇಲಿದೆ, ಊರೂರಿನ ಪುಸ್ತಕದಂಗಡಿ ಮತ್ತು ಕಾಫಿ ಅಂಗಡಿಗಳ ಸರಪಳಿ ಮಾತ್ರ ಇಲ್ಲ.

2012ರಲ್ಲಿ ಫ್ಲಾರೆನ್ಸ್ ರೀಸ್ ಅವರ ಹಳೆಯ ಗಣಿಕಾರ್ಮಿಕರ ಹಾಡೊಂದಕ್ಕೆ ಹೊಸ ಸಾಹಿತ್ಯ ಬರೆದು, 90 ದಾಟಿದ ಪೀಟ್ ಸೀಗರ್ ಅವರ ಬ್ಯಾಂಜೊ ವಾದನದೊಡನೆ ಮುದ್ರಿಸಿದ್ದು, 2019ರಲ್ಲಿ ಆತ್ಮಕಥನ ಪ್ರಕಟಿಸಿದ್ದು, 2021ರ ‘ರೆವಲ್ಯೂಷನರಿ ಲವ್’ ಮತ್ತು 2024ರಲ್ಲಿ ಹೊರಗಿನ ನಿರ್ಮಾಪಕ ಬಿ.ಜೆ. ಬರ್ಟನ್ ಕೈಗೆ ನಾದವಿನ್ಯಾಸವನ್ನು ಒಪ್ಪಿಸಿ ಮಾಡಿದ ಆಲ್ಬಮ್, ಇವೆಲ್ಲ ಆಕೆಯ ಕೆಲಸ ನಿಂತಿಲ್ಲವೆಂಬುದಕ್ಕೆ ಸಾಕ್ಷಿ. ಎಲ್ಲವನ್ನೂ ತಾನೇ ಮಾಡಬೇಕೆಂಬ ಹಳೆಯ ಹಟ ಈ ಕೊನೆಯ ಆಲ್ಬಮ್‌ನಲ್ಲಿ ಸಡಿಲವಾಗಿರುವುದು ಗಮನಾರ್ಹ.

ಅನಾಯಿಸ್ ಮಿಚೆಲ್ ಎಂಬ ಕಿರಿಯ ಗೀತಕಾರ್ತಿ ಗ್ರೀಕ್ ಪುರಾಣದ ಆರ್ಫಿಯಸ್ ಮತ್ತು ಯುರಿಡಿಸಿಯರ ಕಥೆಯನ್ನು ಹಾಡುಗಳ ಮಾಲೆಯಾಗಿ ಬರೆದು ‘ಹೇಡಿಸ್‌ಟೌನ್’ ಎಂಬ ಆಲ್ಬಮ್ ಮಾಡಿದಾಗ, 2010ರಲ್ಲಿ ಅದನ್ನು ಪ್ರಕಟಿಸಿದ್ದು ರೈಟಿಯಸ್ ಬೇಬ್. ಆ ಮುದ್ರಿಕೆಯಲ್ಲಿ ಪಾತಾಳದ ರಾಣಿ ಪರ್ಸೆಫೋನಿಯಾಗಿ ಹಾಡಿದವರು ಡಿಫ್ರಾಂಕೊ. ಆಲ್ಬಮ್ ಬೆಳೆದು ಸಂಗೀತ ನಾಟಕವಾಯಿತು, ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಗೆ ಏರಿ 2019ರಲ್ಲಿ ಶ್ರೇಷ್ಠ ಸಂಗೀತ ನಾಟಕಕ್ಕೆ ಮೀಸಲಾದ ಟೋನಿ ಪ್ರಶಸ್ತಿಯನ್ನು ಗಳಿಸಿತು. 2024ರ ಫೆಬ್ರವರಿಯಲ್ಲಿ, 53ನೆಯ ವಯಸ್ಸಿನಲ್ಲಿ, ಡಿಫ್ರಾಂಕೊ ವಾಲ್ಟರ್ ಕೆರ್ ರಂಗಮಂದಿರದಲ್ಲಿ ಅದೇ ಪರ್ಸೆಫೋನಿಯ ವೇಷ ತೊಟ್ಟು ಮೊದಲ ಬಾರಿಗೆ ಬ್ರಾಡ್‌ವೇ ಪ್ರವೇಶ ಮಾಡಿ, ಪ್ರತಿ ಕಛೇರಿಯಲ್ಲೂ ಹಾಡುಗಳ ಕ್ರಮವನ್ನು ಮನಸ್ಸಿಗೆ ಬಂದಂತೆ ಬದಲಿಸುತ್ತ ಬೆಳೆದ ಕಂಠವನ್ನು ಕೆಲವು ತಿಂಗಳ ಕಾಲ ಇನ್ನೊಬ್ಬಳು ಬರೆದ ಪದಗಳಿಗೆ, ಪ್ರತಿ ರಾತ್ರಿ ಅದೇ ಕ್ರಮದಲ್ಲಿ, ಗಿಟಾರಿಲ್ಲದ ಬರಿಗೈಯಲ್ಲಿ ಒಪ್ಪಿಸಿದರು.